ಬೆಳಕಿಗೆ ಅಡ್ಡ ಹಿಡಿದ ಕೈ

ಅಕ್ಕೋರ ಎಡಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ನಡುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಉಗುರು ಇರಬೇಕಾದಲ್ಲಿ ಒಂದು ಕರಿ ಗಂಟು. ಹೊಸಬರು ಕೈ ಗಾಣಕ್ಕೆ ಸಿಕ್ಕಿರಬೇಕು ಎಂದುಕೊಳ್ಳುತ್ತಿದ್ದರು. ಗಾಣವಲ್ಲ, ನನ್ನ ಅಣ್ಣ.

ಅಕ್ಕೋರು ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸು; ಇವರು ರಾಯಬಾಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಜೈನರು. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವವರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಅಂಥವರು, ನಾನು ಸಂಶೋಧನೆಗೆಂದು ಅವರ ಕೈಕೆಳಗೆ ಸೇರಿದ ಮೊದಲ ದಿನವೇ ನನ್ನ ಕಪಾಳಕ್ಕೆ ಬಾರಿಸಿದ್ದರು. ಪ್ರಯೋಗಶಾಲೆ ಎಂದರೆ ಅವರ ಹೊಲದ ಹಳೇ ಗಾಣದ ಮನೆ. ಕಿಟಕಿಯಿಲ್ಲ, ಕತ್ತಲು ಚೆನ್ನಾಗಿ ನಿಲ್ಲುತ್ತಿತ್ತು. ಕೂದಲಿನಂಥ ಗಾಜಿನ ಎಳೆಯೊಳಗೆ ಲೇಸರ್ ಬೆಳಕು ಬಿಟ್ಟು, ಎಳೆಯನ್ನು ನೆಲದಲ್ಲಿ ಹೂತರೆ ಆ ತುದಿಗೆ ಎಷ್ಟು ಬೆಳಕು ಉಳಿದು ಬರುತ್ತದೆಂದು ನೋಡುವುದು ನಮ್ಮ ಕೆಲಸ. ಬೆಳಕೇನೂ ಕಾಣಲಿಲ್ಲವಲ್ಲ ಎಂದು ನಾನು ತುದಿಗೆ ಕಣ್ಣು ಒಯ್ದೆ. ಚಟೀರೆಂದಿತು ಕೆನ್ನೆ.

“ಕುರುಡ ಆಗಾಕ ಬಂದೀಯೇನಲೇ? ಕಾಣೋ ಬೆಳಕಾದ್ರ ಕಣ್ಣ ತಾನ ಮುಚ್ಚತೈತಿ. ಇದು ಕಾಣಂಗಿಲ್ಲ. ಸುಟ್ಟ ಮ್ಯಾಲ ಗೊತ್ತಾಕ್ಕೈತಿ.”

ಆಮೇಲೆ ನನಗೊಂದು ರಕ್ಷಣೆಯ ಕನ್ನಡಕ ಕೊಟ್ಟರು, ಜೊತೆಗೆ ಒಂದು ಬಾಳೆಹಣ್ಣು.

ನಮ್ಮ ಹೊಲ ಅವರ ಹೊಲಕ್ಕೆ ಅಂಟಿಕೊಂಡೇ ಇದೆ. ನಡುವಿನ ಬದುವಿಗಾಗಿ ಎರಡೂ ಮನೆಯವರು ತಲೆ ಒಡೆದುಕೊಂಡವರೇ. ಅಣ್ಣನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಬದುವಿನ ಮೇಲೆ ಮೇಯ್ದ ಆಡಿನ ಕಾಲು ಮುರಿದವನು ಅವನು. ಒಂದು ದಿನ ಅವನು ಬದುವಿನ ಅಂಚು ಕೆದರುವಾಗ ಅಕ್ಕೋರು ಹೂತಿದ್ದ ಎಳೆಯ ಕರಿ ಕವಚ ಸಲಿಕೆಗೆ ಸಿಕ್ಕಿತು. ಬದು ನುಂಗಲು ಗುರುತು ಹಾಕಿದ್ದಾರೆ ಎಂದುಕೊಂಡ. ಅವನ ತಲೆಗೆ ಬೇರೇನು ಹೊಳೆದೀತು?

ಆಗಷ್ಟೇ ಹೊತ್ತು ಮುಳುಗಿತ್ತು. ಸಲಿಕೆ ಹಿಡಿದೇ ಗಾಣದ ಮನೆಯ ಬಾಗಿಲು ಒದ್ದು ಒಳಗೆ ಬಂದ. ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ನನ್ನ ಬಾಯಿ ತುಂಬ ರಕ್ತ.

“ನಮ್ಮ ಬದುವಿನ್ಯಾಗ ವಾಯರ್ ಹುಗಿಯಾಕ ಜಾಗಾ ತೋರಿಸಿದಾಂವ ನೀನ ಹೌದಲ್ಲೋ?”

ಕಪಾಟಿನ ಗಾಜೆಲ್ಲ ಪುಡಿ ಮಾಡಿದ. ಮೇಜಿನ ಮೇಲಿನ ಎಳೆಯನ್ನು ಕಿತ್ತೆಸೆದು, ಅದು ಎಲ್ಲಿಂದ ಬರುತ್ತದೆಂದು ನೋಡಲು ಚಾಲೂ ಇದ್ದ ಲೇಸರಿನ ಬಾಯಿಯ ಕಡೆ ಮುಖ ಬಗ್ಗಿಸಿದ. ನಾವಿಬ್ಬರೂ ಕನ್ನಡಕ ಹಾಕಿದ್ದೆವು. ಅವನದು ಬರಿಗಣ್ಣು.

ಅಕ್ಕೋರು ಜಿಗಿದು ಲೇಸರಿನ ಬಾಯಿಗೆ ಅಂಗೈ ಒತ್ತಿ ಹಿಡಿದರು. ತನ್ನ ಮೇಲೇ ಬಂದರೆಂದು ತಿಳಿದು ಅಣ್ಣ ಸಲಿಕೆಯ ಬೆನ್ನಿನಿಂದ ಆ ಕೈ ಮೇಲೆ ಹೊಡೆದ. ಎಲುಬು ಮುರಿದ ಸಪ್ಪಳ ನನಗೆ ಕೇಳಿತು. ಅವರು ಕೈ ತೆಗೆಯಲಿಲ್ಲ. ಮತ್ತೊಮ್ಮೆ ಹೊಡೆದ. ಆಗಲೂ ತೆಗೆಯಲಿಲ್ಲ.

“ಬಟನ್ ಬಂದ್ ಮಾಡಲೇ ಮದಲ,” ಎಂದು ನನ್ನನ್ನು ಗದರಿದರು. ತೆವಳಿ ಹೋಗಿ ಬಂದ್ ಮಾಡಿದೆ.

ಆಗ ಅಕ್ಕೋರು ರಕ್ತ ಸುರಿಯುವ ಅದೇ ಕೈಯನ್ನು ಅಣ್ಣನ ಮುಖದ ಮುಂದೆ ಎತ್ತಿದರು. “ಎಷ್ಟ ಬೆರಳ ಕಾಣತಾವೋ ತಮ್ಮಾ? ಲಗೂ ಹೇಳ.”

ಅಣ್ಣನ ಕೈಯಿಂದ ಸಲಿಕೆ ಬಿತ್ತು. “ಐದ್ರಿ,” ಎಂದ. “ಐದೂ ಕಾಣತಾವ್ರಿ.”

“ಹಂಗಾರ ಪಾರಾದಿ,” ಎಂದವರೇ ಕುಸಿದರು.

ಮೀರಜಿನ ದವಾಖಾನೆಗೆ ಹೋಗುವ ದಾರಿಯಲ್ಲಿ, ಆ ಕೈ ಅಡ್ಡ ಬಂದದ್ದು ಏತಕ್ಕೆಂದು ಅಣ್ಣನಿಗೆ ಹೇಳಿದೆ. ಹೇಳುವಾಗ ಅವನನ್ನು ಜೀಪಿನಿಂದ ದಬ್ಬಿಬಿಡಬೇಕೆನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಅಕ್ಕೋರು ಮಾತ್ರ ಪೊಲೀಸರಿಗೆ ಫಿರ್ಯಾದಿ ಕೊಡಲಿಲ್ಲ. “ಕಣ್ಣ ಉಳಿಸಿ ಮತ್ತ ಜೇಲಿನ ಕತ್ತಲಾಗ ಕುಂಡ್ರಸಲ್ಯಾ ಅವನ್ನ?” ಎಂದು ನನ್ನನ್ನೇ ಬೈದರು. ಬ್ಯಾಂಡೇಜು ಬಿಚ್ಚುವ ಮೊದಲೇ ಬಲಗೈಯಲ್ಲಿ ಹೊಸ ಎಳೆ ಜೋಡಿಸಲು ಕೂತರು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಹೊತ್ತು ಮುಳುಗುವುದರೊಳಗೆ ಒಯ್ಯಬೇಕಿತ್ತು. ಅಣ್ಣ ಬಂದು ಚಟ್ಟದ ಮುಂದಿನ ಬದಿಗೆ ಹೆಗಲು ಕೊಟ್ಟ. ಅವರ ಮನೆಯವರು ಅವನ ಎದೆಗೆ ಕೈ ಹಚ್ಚಿ ತಡೆದರು. ಅವನು ಕದಲಲಿಲ್ಲ, ಕಡೆಗೆ ಅವರೇ ಕೈ ತೆಗೆದರು. ಬದು ದಾಟುವಾಗ ಅವನ ಕಣ್ಣೀರು ಕಂಡು ಹಿಂದಿದ್ದ ಮುದುಕರೊಬ್ಬರು ಕೇಳಿದರು, “ದಾರಿ ಕಾಣತೈತೇನೋ?”

“ಕಾಣತೈತ್ರಿ,” ಎಂದ ಅಣ್ಣ. “ಎಲ್ಲಾ ಕಾಣತೈತಿ.”