ದೇವರ ಗಡಿಗೆಯ ಜೋಳ

ನಮ್ಮ ಕೇರಿಯಲ್ಲಿ ಯಾರು ಜೋಳ ಬೀಸಲು ಕೂತರೂ ಮೊದಲ ಹಿಡಿ ದೇವರದು. ಅದನ್ನು ತೆಗೆದಿಟ್ಟು, ಶನಿವಾರ ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಮನೆಯ ಮೂಲೆಯ ದೊಡ್ಡ ಗಡಿಗೆಗೆ ಸುರಿದು ಹೋಗುತ್ತಿದ್ದರು. ಗಡಿಗೆ ತುಂಬಿದಾಗ ಜಹೀರಾಬಾದಿನ ಸಂತೆಯಲ್ಲಿ ಮಾರಿ, ಬಂದ ದುಡ್ಡಿನಲ್ಲಿ ಪ್ರಾರ್ಥನೆಯ ಮನೆಗೆ ಹುಲ್ಲು ಹೊದಿಸುವುದು, ದೀಪದ ಎಣ್ಣೆ ತರುವುದು. ನನ್ನಪ್ಪ ಕೇರಿಗೆ ಬೈಬಲ್ ಓದಿ ಹೇಳುವ ಉಪದೇಶಿ. ನಾವಿದ್ದದ್ದು ಮಿಷನ್ನಿನವರು ಕೊಟ್ಟ ಮನೆ. ಹಾಗಾಗಿ ಗಡಿಗೆಯ ಕಾವಲು ಅವ್ವನ ಪಾಲಿಗೆ ಬಂದಿತ್ತು.

ಯುದ್ಧದ ವರ್ಷಗಳು ಅವು. ನಿಜಾಮರ ಸರ್ಕಾರ ಹೊಲ ಇದ್ದವರ ಮೇಲೆ ಲೆವಿ ಹಾಕಿ ಕಾಳು ಎತ್ತಿಕೊಂಡು ಹೋಗುತ್ತಿತ್ತು. ಹೊಲವಿಲ್ಲದ ನಮಗೆ ಕೂಲಿಯಾಗಿ ಬರುತ್ತಿದ್ದ ಜೋಳವೂ ಕಮ್ಮಿಯಾಯಿತು. ಅಂಥದರಲ್ಲೂ ದೇವರ ಹಿಡಿ ತಪ್ಪಲಿಲ್ಲ. ಮಕ್ಕಳ ರೊಟ್ಟಿ ತೆಳ್ಳಗಾಯಿತು, ಹಿಡಿ ಮಾತ್ರ ಹಾಗೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೇರಿಯವರನ್ನು ಯಾರಾದರೂ ಕಲ್ಲೆದೆಯವರು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಪ್ಪನಿಗೆ ಎಲ್ಲಕ್ಕಿಂತ ಪ್ರೀತಿಯ ಪಾಠ ದೇವರ ರಾಜ್ಯದ್ದು. ಅದು ಸತ್ತ ಮೇಲೆ ಹೋಗುವ ಊರಲ್ಲ, ಇಲ್ಲೇ, ಈ ಕೇರಿಗೇ ಬರಬೇಕಾದದ್ದು ಅನ್ನುತ್ತಿದ್ದ. ಅಲ್ಲಿ ಬಿಟ್ಟಿ ಚಾಕರಿ ಇಲ್ಲ; ಊಟದ ಪಂಗ್ತಿಯಲ್ಲಿ ಕೊನೆಯವನು ಅಂತ ಯಾರೂ ಇಲ್ಲ; ಹಗೆಯವನ ಎಲೆಗೂ ನಮ್ಮ ಕೈಯಾರೆ ಬಡಿಸಬೇಕು. ಬಿಟ್ಟಿ ಇಲ್ಲ ಅಂದಾಗ ಗಂಡಸರು ಜೋರಾಗಿ ತಲೆಯಾಡಿಸುತ್ತಿದ್ದರು. ದೌರೆ ಅಂತ ಊರೂರು ಸುತ್ತಲು ಬಂದ ಅಧಿಕಾರಿಗಳ ಸಾಮಾನು ಹೊತ್ತು ಹೆಗಲು ಸುಲಿದುಕೊಂಡವರು, ಅವರಿಗೆ ಅಷ್ಟು ಸಾಕಿತ್ತು. ಹಗೆಯವನ ಮಾತಿಗೆ ಒಬ್ಬರೂ ತಲೆಯಾಡಿಸಿದ್ದು ನಾನು ಕಾಣೆ. ಅವ್ವ ಮಾತ್ರ ಎಲ್ಲವನ್ನೂ ಕಿವಿಗೆ ಹಾಕಿಕೊಂಡಿದ್ದಳು, ಅದೇ ಫಜೀತಿಯಾಯಿತು.

ಊರೊಳಗೆ ಲಿಂಗವಂತರ ಮನೆಯ ಒಬ್ಬ ವಿಧವೆ ಇದ್ದಳು. ನಾವು ಬಾವಿ ಮುಟ್ಟುವಂತಿರಲಿಲ್ಲ, ಯಾರಾದರೂ ಸೇದಿ ಹಾಕಬೇಕು. ಈಕೆ ಮಾರುದೂರ ನಿಂತು ಎತ್ತರದಿಂದ ಸುರಿಯುವವಳು; ಅರ್ಧ ನೀರು ಕೊಡಕ್ಕೆ, ಅರ್ಧ ನೆಲಕ್ಕೆ. ಒಂದು ಹನಿ ತನ್ನ ಮೇಲೆ ಸಿಡಿದರೆ ನಮ್ಮ ಏಳು ತಲೆಮಾರಿಗೆ ಬೈಗುಳ. ನಾನು ಅವಳಿಗೆ ಹಿಡಿಶಾಪ ಹಾಕಿಕೊಂಡೇ ಬೆಳೆದವಳು. ಗಂಡು ದಿಕ್ಕಿಲ್ಲದ ಮನೆ ಅಂತ ಆ ವರ್ಷ ಪಟೇಲ ತನ್ನ ಪಾಲಿನ ಲೆವಿಯನ್ನೂ ಅವಳ ತಲೆಗೆ ಕಟ್ಟಿದ. ಮನೆಯಲ್ಲಿ ಕಾಳು ಉಳಿಯಲಿಲ್ಲ. ತನ್ನ ಓಣಿಯಲ್ಲಿ ಕೇಳಲು ಅವಳಿಗೆ ಮಾನ ಅಡ್ಡಬಂತು.

ಒಂದು ಮಧ್ಯಾಹ್ನ ಅವಳು ಕೇರಿಯ ಅಂಚಿಗೆ ಬಂದಳು. ಅವ್ವ ಕುಳ್ಳು ತಟ್ಟುತ್ತಿದ್ದಳು, ನಾನು ಸೆಗಣಿ ಕಲಸಿಕೊಡುತ್ತಿದ್ದೆ. ಮಕ್ಕಳಿಗೆ ಹುಣಸೆ ಚಿಗುರು ಬೇಯಿಸಿ ಹಾಕುತ್ತಿದ್ದೇನೆ, ಚಿಕ್ಕದು ಅದನ್ನೂ ಕಾರಿಕೊಳ್ಳುತ್ತಿದೆ ಅಂದಳು. ಕೊಡು ಅಂತ ಬಾಯಿಬಿಟ್ಟು ಅನ್ನಲಿಲ್ಲ. ಒಣ ಕಾಳಿಗೆ ಮೈಲಿಗೆ ಇಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯ ಜೋಳವೂ ಖಾಲಿ. ಅವ್ವ ಕೈ ತೊಳೆದು ಒಳಗೆ ಹೋಗಿ, ದೇವರ ಗಡಿಗೆಯಿಂದ ಮೊರದ ತುಂಬ ಜೋಳ ತಂದು ಅವಳ ಸೆರಗಿಗೆ ಸುರಿದಳು.

ಹಾಡುಹಗಲು ಮಾಡಿದ ಕೆಲಸ, ಮುಚ್ಚಿಡುವುದೇನು? ಸಂಜೆಗೆ ಕೇರಿಯ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ. ಪಕ್ಕದ ಮನೆಯ ಚಿಗವ್ವ, ಅವ್ವನ ಜೀವದ ಗೆಳತಿ, ಎಲ್ಲರಿಗಿಂತ ಮುಂದೆ ನಿಂತಿದ್ದಳು.

“ನನ್ನ ಮಗನ ಬಾಯಾಂದು ತಗದು ದೇವರಿಗಿ ಹಾಕೀನಿ. ನೀ ಅದನ್ನ ಒಯ್ದು ನಮ್ಮನ್ನ ನಾಯಿ ಹಂಗ ನೋಡಾಕಿಗಿ ಕೊಟ್ಟೆಲ್ಲ ಅಕ್ಕಾ” ಅಂದಳು.

ಚಿಗವ್ವ ಅಂದದ್ದರಲ್ಲಿ ಸುಳ್ಳಿನ ಮಾತು ಒಂದೂ ಇರಲಿಲ್ಲ. ನಾನಂತೂ ಮನಸ್ಸಿನಲ್ಲಿ ಚಿಗವ್ವನ ಕಡೆಗೇ ಇದ್ದೆ.

ಜಹೀರಾಬಾದಿನಿಂದ ಪಾದ್ರಿಯವರು ಬಂದು, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಪ್ರಭುಭೋಜನ ಕೊಡುವ ಭಾನುವಾರ ಹತ್ತಿರ ಬಂದಿತ್ತು. ಸಭೆಯ ಹಿರಿಯರು ಕೂತು ತೀರ್ಮಾನ ಮಾಡಿದರು: ಅವ್ವ ಎಲ್ಲರೆದುರು ನಿಂತು ತಪ್ಪಾಯಿತು ಅನ್ನಬೇಕು, ಇಲ್ಲವೆಂದರೆ ಆ ರೊಟ್ಟಿಯಲ್ಲಿ ಅವಳಿಗೆ ಪಾಲಿಲ್ಲ. ಹೆಂಡತಿಗೇ ಪಾಲಿಲ್ಲದ ಉಪದೇಶಿಯನ್ನು ಮಿಷನ್ನಿನವರು ಎಷ್ಟು ದಿನ ಇಟ್ಟುಕೊಂಡಾರು? ಕೆಲಸ ಹೋದರೆ ಮನೆಯೂ ಹೋಯಿತು. ಅವ್ವನಿಗೆ ಮಾತ್ರ ತಾನು ತಪ್ಪು ಮಾಡಿದೆ ಅಂತ ಅನ್ನಿಸಲೇ ಇಲ್ಲ. ಹಾಗಂತ ಅಪ್ಪನಿಗೆ ಹೇಳಿಯೂ ಹೇಳಿದಳು.

ಒಂದು ಮಾತು ಅಂದುಬಿಡು, ಈ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋಣ ಅಂತ ಅಪ್ಪ ಕೇಳಿದ.

“ಹಗೀನವನ ಎಲಿಗೂ ಬಡಿಸ್ರಿ ಅಂತ ನೀವೇ ಹೇಳಿದ್ರಲ್ಲರಿ” ಅಂದಳು ಅವ್ವ.

“ಹೇಳಿದ್ದು ಖರೆ” ಅಂದ ಅಪ್ಪ. “ಅದು ಪಾಠ.”

ಆ ಮಾತಿಗೆ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಈ ಮುಪ್ಪಿನಲ್ಲೂ ಇಳಿದಿಲ್ಲ. ಅವ್ವನ ಕಡೆಗೆ ನಾನು ಬಂದದ್ದು ಆವಾಗಲೇ.

ಆ ಭಾನುವಾರ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತು, ತಪ್ಪಾತು ಅಂದಳು. ಪ್ರಾರ್ಥನೆಯ ಮನೆಯೇ ಉಸಿರುಬಿಟ್ಟಂತಾಯಿತು. ಚಿಗವ್ವ ಅಳುತ್ತ ಅವಳ ಕೈಹಿಡಿದು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಪಾದ್ರಿಯವರು ರೊಟ್ಟಿಯ ತುಂಡು ಕೊಟ್ಟರು, ಅವ್ವ ತಿಂದಳು.

ಮನೆಗೆ ಬಂದ ಮೇಲೆ ಅವಳು ಒಲೆ ಹಚ್ಚಲಿಲ್ಲ. ಗೋಡೆಗೆ ಒರಗಿ ಕೂತವಳು ಕೂತೇ ಇದ್ದಳು. ಎಲ್ಲ ಮುಗೀತಲ್ಲ, ಇನ್ನೇನು ಅಂತ ಅಪ್ಪ ಕೇಳಿದ.

“ಜ್ವಾಳ ಕೊಟ್ಟ ದಿನ ನನಗ ಅಂಜಿಕಿ ಇದ್ದಿಲ್ಲರಿ. ಇವತ್ತ ಅದ. ದೇವರ ರೊಟ್ಟಿ ತಿನ್ನಾಕ ದೇವರ ಮುಂದೇ ಸುಳ್ಳ ಹೇಳೀನಿ. ಈಗ ಇದಕ್ಕ ನಾ ಯಾರ ಮುಂದ ನಿಂತು ತಪ್ಪಾತು ಅನ್ಲಿ?”

ಅಪ್ಪ ಎದ್ದು ಹೊರಗೆ ಹೋದ.