ಹೆಬ್ಬಾತಿನ ಚಿತ್ರಕ್ಕೆ ಒಂದು ಸಹಿ

ನನ್ನ ಚಿಕ್ಕಮ್ಮನನ್ನು ಬೀದಿಯವರೆಲ್ಲ ಕನ್ನಡಕದಕ್ಕ ಅನ್ನುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಚಿಕ್ಕಪ್ಪ ಗಾಜು ಉಜ್ಜುತ್ತಾ ಕೂತಿರುತ್ತಾನೆ. ಮುಂದುಗಡೆ ಚಿಕ್ಕಮ್ಮ ಬಂದವರ ಕಣ್ಣು ಪರೀಕ್ಷೆ ಮಾಡಿ, ಅವರವರ ಮೂಗಿಗೆ ಒಪ್ಪುವ ಫ್ರೇಮು ಹುಡುಕಿಕೊಡುತ್ತಾಳೆ. ಆದರೆ ಫ್ರೇಮುಗಳಿರಬೇಕಾದ ಡ್ರಾಯರುಗಳಲ್ಲಿ ಅರ್ಧಕ್ಕರ್ಧ ಮಕ್ಕಳ ಪುಸ್ತಕಗಳು, ಅದೂ ಬರೆದವರೇ ಸಹಿ ಹಾಕಿದ ಪ್ರತಿಗಳು. ಅವುಗಳ ಮಗ್ಗುಲಲ್ಲಿ ಯಾರೋ ಕತೆಗಾರ್ತಿ ಹಲ್ಲಲ್ಲಿ ಕಚ್ಚಿ ಕಚ್ಚಿ ಬರೆದ ಪೆನ್ಸಿಲು, ಇನ್ಯಾರದೋ ಮಕ್ಕಳ ಪದ್ಯದ ತಿದ್ದಿ ಗೀಚಿದ ಕರಡು ಹಾಳೆ.

"ಊರಿಗೆಲ್ಲ ಕಣ್ಣು ಕೊಡ್ತೀಯ. ನನ್ನ ಸಾಮಾನಿಗೆ ಜಾಗ ಇಲ್ಲದ್ದು ಮಾತ್ರ ನಿನ್ನ ಕಣ್ಣಿಗೆ ಬೀಳಲ್ಲ," ಅಂತ ಚಿಕ್ಕಪ್ಪ ಗೊಣಗುತ್ತಾನೆ.

"ಗಾಜಿನ ಡಬ್ಬಿ ಮಂಚದ ಕೆಳಗೆ ಇಟ್ಕೊಳ್ಳಿ. ಪುಸ್ತಕಕ್ಕೆ ಗಾಳಿ ಬೇಕು," ಅನ್ನುತ್ತಾಳೆ ಇವಳು.

ಈ ಹುಚ್ಚಿಗೆ ಕಾರಣವಿದೆ. ಚಿಕ್ಕಂದಿನಲ್ಲಿ ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ, ಹತ್ತಿರದ್ದೂ ಅಷ್ಟಕ್ಕಷ್ಟೆ. ಕರಿಹಲಗೆಯೆಂದರೆ ಕರೀ ಗೋಡೆ ಅಂತಲೇ ತಿಳಿದಿದ್ದಳು. ಮನೆಯವರು ಮಂದಬುದ್ಧಿ ಅಂದುಕೊಂಡರು, ಮೇಷ್ಟ್ರು ಸೋಮಾರಿ ಅಂದರು. ಕೊನೆಗೆ ನನ್ನಮ್ಮ, ಅಂದರೆ ಅವಳಕ್ಕ, ತಂಗಿ ಸಕ್ಕರೆಯೆಂದು ಉಪ್ಪು ಮುಕ್ಕಿದ್ದು ನೋಡಿ, ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಕನ್ನಡಕ ಬಂದಾಗ ಚಿಕ್ಕಮ್ಮ ಆಗಲೇ ಉದ್ದ ಬೆಳೆದಿದ್ದಳು. ಚಿತ್ರದ ಪುಸ್ತಕಕ್ಕೆ ಕೈ ಹಾಕಿದರೆ, "ಇಷ್ಟು ದೊಡ್ಡವಳಾಗಿ ಇದನ್ನ ಓದ್ತೀಯಾ?" ಅಂತ ನಕ್ಕರಂತೆ. ಹಾಗಾಗಿ ಅವಳು ಮಕ್ಕಳ ಪುಸ್ತಕ ಓದಲು ಶುರು ಮಾಡಿದ್ದು ಮದುವೆಯಾದ ಮೇಲೆ, ಯಾರ ಅಪ್ಪಣೆಯೂ ಬೇಡವಾದಾಗ. ಸಹಿಯ ಹುಚ್ಚು ಹಿಡಿದದ್ದು, ಕನ್ನಡಕದ ಕಡ್ಡಿ ಕಳಚಿಕೊಂಡು ಬಂದ ಒಬ್ಬ ಲೇಖಕರಿಂದ. ಚಿಕ್ಕಮ್ಮ ತಿರುಪು ಬಿಗಿದುಕೊಟ್ಟಳು. ಅವರು ಚೀಲದಿಂದ ತಮ್ಮ ಪುಸ್ತಕ ತೆಗೆದು, ಸಹಿ ಹಾಕಿ ಕೈಗಿತ್ತರು. ಆವತ್ತಿಡೀ ಅವಳು ಬಂದವರಿಗೆಲ್ಲ ಅಕ್ಷರದ ಬೋರ್ಡಿನ ಬದಲು ಆ ಸಹಿಯನ್ನೇ ತೋರಿಸಿ, "ಇದನ್ನ ಓದಿ ನೋಡೋಣ," ಅಂದಳಂತೆ. ಯಾರಿಂದಲೂ ಆಗಲಿಲ್ಲ.

ಅಷ್ಟು ಪುಸ್ತಕಗಳಲ್ಲಿ ಅವಳ ಜೀವವಿದ್ದದ್ದು ಮಾತ್ರ ಸಹಿಯಿಲ್ಲದ ಒಂದು ತೆಳು ಪುಸ್ತಕದ ಮೇಲೆ. ಹೆಸರು 'ಒಂಟಿ ಕಾಲುಚೀಲದ ಹೆಬ್ಬಾತು'. ಬರೆದವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಚಿತ್ರ ಬಿಡಿಸಿದವರು ಯಾರೆಂದು ಎಲ್ಲೂ ಅಚ್ಚಾಗಿರಲಿಲ್ಲ. "ಇಂಥ ಹೆಬ್ಬಾತನ್ನ ಬಿಡಿಸಿದ ಕೈ ಬದುಕಿದ್ದರೆ ನಾನು ಹುಡುಕೇ ಹುಡುಕ್ತೀನಿ," ಅನ್ನುತ್ತಿದ್ದಳು. ಹಳೇ ಪುಸ್ತಕದಂಗಡಿಯವನು ತಲೆಯಾಡಿಸಿದ. ಗ್ರಂಥಪಾಲಕರು ಕೈಚೆಲ್ಲಿದರು. ಪುಸ್ತಕ ಅಚ್ಚಾದ ಮುದ್ರಣಾಲಯ ಮುಚ್ಚಿ, ಅಲ್ಲಿ ಈಗ ಟೈರು ಮಾರುತ್ತಿದ್ದರು. ಆದರೆ ಹಿಂದೆ ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕ ಪಕ್ಕದ ಗಲ್ಲಿಯಲ್ಲೇ ಇದ್ದ.

"ಆ ಬಾತುಕೋಳಿ ಪುಸ್ತಕಾನಾ?" ಅಂದ ಆತ.

"ಹೆಬ್ಬಾತು," ಅಂದಳು ಚಿಕ್ಕಮ್ಮ.

"ಎಂಥದೋ ಒಂದು. ಚಿತ್ರ ತಂದುಕೊಟ್ಟವಳು ಅಂಗಡಿ ಬೋರ್ಡು ಬರೆಯೋ ಹೆಂಗಸು. ಸೈಕಲ್ ಅಂಗಡಿ ಮಹಡಿ ಮೇಲಿದ್ದಳು. ಈಗಲೂ ಇರಬೇಕು, ಅಂಥವರು ಸುಲಭಕ್ಕೆ ಜಾಗ ಬಿಡಲ್ಲ."

ಮಾರನೇ ದಿನವೇ ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಹೊರಟಳು. ಇಕ್ಕಟ್ಟು ಮೆಟ್ಟಿಲು ಹತ್ತಿದರೆ, ಬಣ್ಣದ ಡಬ್ಬಿಗಳ ನಡುವೆ ಬಿಸಿಲಿಗೆ ಕಾಲು ಚಾಚಿಕೊಂಡು ಒಬ್ಬ ಅಜ್ಜಿ. ಮೂಗಿನ ತುದಿಯಲ್ಲಿ ಗಂಡಸರ ದಪ್ಪ ಕನ್ನಡಕ. ಚಿಕ್ಕಮ್ಮ ಪುಸ್ತಕ ಕೈಗಿಟ್ಟು, "ಅಮ್ಮಾ, ಇದರ ಚಿತ್ರ ನಿಮ್ಮದಂತೆ?" ಅಂದಳು.

ಅಜ್ಜಿ ಪುಸ್ತಕವನ್ನು ತೋಳುದ್ದ ದೂರ ಹಿಡಿದರು. ಮೂಗಿಗೆ ತಾಗಿಸಿದರು. ರಟ್ಟನ್ನು ಬೆರಳಲ್ಲಿ ಸವರಿದರು.

"ಇದು ಅಚ್ಚಾಯ್ತಾ?" ಅಂದರು ಮೆಲ್ಲಗೆ.

ಅವರು ಚಿತ್ರಗಳನ್ನು ಕೊಟ್ಟು ಬಂದ ವಾರದಲ್ಲೇ ಬೋರ್ಡು ಬರೆಯುವ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರಂತೆ. ತಿರುಗಿ ಇದೇ ಮಹಡಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಚಿತ್ರಗಳು ಕಸದ ಬುಟ್ಟಿಗೆ ಹೋಗಿರಬೇಕೆಂದು ಸುಮ್ಮನಾಗಿದ್ದರು.

"ಸರಿಯಾಗಿ ಕಾಣ್ತಾ ಇಲ್ಲ ತಾಯಿ. ಬೆಳ್ಳಗೆ ಏನೋ ನಿಂತಿದೆ."

"ಈ ಕನ್ನಡಕ ಯಾರದ್ದು?"

"ನಮ್ಮ ಯಜಮಾನ್ರದ್ದು. ಅವರು ಹೋದ ಮೇಲೆ ಯಾಕೆ ಸುಮ್ಮನೆ ಬಿದ್ದಿರಬೇಕು ಅಂತ ಹಾಕ್ಕೊಂಡೆ."

ಚಿಕ್ಕಮ್ಮ ಸಹಿಯ ಮಾತೇ ಎತ್ತಲಿಲ್ಲ. ಅಜ್ಜಿಯನ್ನು ಎಬ್ಬಿಸಿ, ಚಪ್ಪಲಿ ಮೆಟ್ಟಿಸಿ, ನೇರ ಅಂಗಡಿಗೆ ಕರೆತಂದಳು. ಗಾಜು ಬದಲಿಸಿ ಬದಲಿಸಿ ಪರೀಕ್ಷೆ ಮಾಡಿದಳು. ಚಿಕ್ಕಪ್ಪ ಬೇರೆ ಕೆಲಸವನ್ನೆಲ್ಲ ಬದಿಗೊತ್ತಿ ಯಂತ್ರದ ಮುಂದೆ ಕೂತ. ಸಂಜೆಯೊಳಗೆ ಹೊಸ ಕನ್ನಡಕ ಅಜ್ಜಿಯ ಮೂಗಿನ ಮೇಲಿತ್ತು.

ಅಜ್ಜಿ ಪುಟ ತಿರುಗಿಸತೊಡಗಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು. ಒಂದು ಪುಟಕ್ಕೆ ಬಂದವರು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕರು.

"ಇಲ್ಲಿ ನೋಡು ತಾಯಿ. ಈ ಹೆಬ್ಬಾತಿಗೆ ಮೂರು ಕಾಲು."

ಚಿಕ್ಕಮ್ಮ ಬಗ್ಗಿದಳು. ಎಣಿಸಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ನಿಜಕ್ಕೂ ಮೂರೇ.

"ಎಷ್ಟು ಸಲ ಓದಿದೀನಿ, ನನ್ನ ಕಣ್ಣಿಗೇ ಬಿದ್ದಿಲ್ಲವಲ್ಲ," ಅಂತ ಪೆಚ್ಚಾದಳು.

"ಇವಳ ಹತ್ತಿರ ಕಣ್ಣು ತೋರಿಸೋರಿಗೆ ದೇವರೇ ಗತಿ," ಅಂದ ಚಿಕ್ಕಪ್ಪ. ಅಜ್ಜಿ ನಕ್ಕ ರಭಸಕ್ಕೆ ಹೊಸ ಕನ್ನಡಕ ಜಾರಿ ಮಡಿಲಿಗೆ ಬಿತ್ತು.

ನಗು ನಿಂತ ಮೇಲೆ ಚಿಕ್ಕಮ್ಮ ಪೆನ್ನು ಮುಂದೆ ಹಿಡಿದಳು. ಅಜ್ಜಿಗೆ ಸಂಕೋಚ. "ಊರವರ ಹೆಸರೆಲ್ಲ ಆಳೆತ್ತರ ಬರೆದಿದೀನಿ. ನನ್ನ ಹೆಸರು ಎಲ್ಲೂ ಬರೆದೋಳಲ್ಲ. ಇಷ್ಟು ಚಿಕ್ಕದಾಗಿ ಬರೆಯೋದೂ ಅಭ್ಯಾಸ ಇಲ್ಲ."

"ದೊಡ್ಡದಾಗೇ ಬರೀರಿ. ಪುಟ ಪೂರ್ತಿ ನಿಮ್ಮದೇ."

ಅಜ್ಜಿ ಹಾಗೇ ಮಾಡಿದರು. ದುಂಡಗೆ, ಒಂದೊಂದಕ್ಷರಕ್ಕೂ ನೆರಳಿಟ್ಟು, ಥೇಟು ಅಂಗಡಿ ಬೋರ್ಡಿನ ಹಾಗೆ. ಕೊನೆಯ ಕೊಂಬು ಪುಟದ ಅಂಚಿಗೆ ಹೋಗಿ ನಿಂತಿತು. ಬರೆದು ಮುಗಿಸಿ ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ಹಿಂದಕ್ಕೆ ಕೊಡಬೇಕೆಂಬುದು ಅವರಿಗೂ ಗೊತ್ತು. ಆದರೆ ಕೈ ಬಿಡುತ್ತಿರಲಿಲ್ಲ.

ಚಿಕ್ಕಮ್ಮ ಒಂದೇ ಒಂದು ಪುಸ್ತಕವನ್ನೂ ಹೊಸ್ತಿಲು ದಾಟಿಸಿದವಳಲ್ಲ. ಸ್ವಂತ ಅಕ್ಕನ ಮಗಳು ನಾನು, ನನಗೂ ಅಲ್ಲೇ ಕೂತು ಓದಿ ಹೋಗು ಅನ್ನುವವಳು. ಚಿಕ್ಕಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಇಟ್ಕೊಳ್ಳಿ ಅಮ್ಮ," ಅಂದಳು ಅವಳು. "ನಿಮ್ಮ ಹತ್ತಿರ ಒಂದೂ ಇಲ್ವಲ್ಲ."

ಅಜ್ಜಿ ಬೇಡ ಅನ್ನಲಿಲ್ಲ. ಸ್ವಲ್ಪ ಯೋಚಿಸಿ ಪೆನ್ನನ್ನು ಚಿಕ್ಕಮ್ಮನಿಗೇ ಕೊಟ್ಟರು. "ಹಾಗಾದ್ರೆ ನೀನೂ ಒಂದು ಸಹಿ ಹಾಕು. ಯಾರು ಕೊಟ್ಟಿದ್ದು ಅಂತ ನನಗೂ ಇರಲಿ."

ಅಷ್ಟು ವರ್ಷ ಬೇರೆಯವರ ಸಹಿ ಕೂಡಿಟ್ಟವಳು ಆವತ್ತು ಮೊದಲ ಸಲ ತಾನೇ ಸಹಿ ಹಾಕಲು ಬಗ್ಗಿದಳು. ನಾಚಿಕೊಂಡು, ಆ ದೊಡ್ಡ ಅಕ್ಷರಗಳ ಕೆಳಗೆ, ಮೂಲೆಯಲ್ಲಿ, ಸಣ್ಣದಾಗಿ 'ಕನ್ನಡಕದಕ್ಕ' ಎಂದು ಬರೆದಳು.

ಈಗ ಭಾನುವಾರ ಬಂತೆಂದರೆ ಇಬ್ಬರೂ ಚೀಲ ಹಿಡಿದು ಹಳೇ ಪುಸ್ತಕದಂಗಡಿಗಳಿಗೆ ಹೊರಡುತ್ತಾರೆ, ಹೆಬ್ಬಾತಿನ ಇನ್ನೊಂದು ಪ್ರತಿ ಹುಡುಕಲು. ಅದಿನ್ನೂ ಸಿಕ್ಕಿಲ್ಲ. ಆದರೆ ಬರಿಗೈಲಿ ಬಂದದ್ದಂತೂ ಇಲ್ಲ. ದಾರಿಯುದ್ದಕ್ಕೂ ಯಾರ ಚಿತ್ರ ಚೆಂದ, ಯಾರ ಗೆರೆ ಸೊಟ್ಟ ಅಂತ ಜಗಳವಾಡಿಕೊಂಡು ಬರುತ್ತಾರೆ. ಚಿಕ್ಕಪ್ಪ ಹೋದ ವಾರ ಗೊಣಗುತ್ತಲೇ ಮರದ ಹಲಗೆ ಕೊಯ್ಯಿಸಿ ತಂದು, ಗಾಜು ಉಜ್ಜುವ ಕೋಣೆಯ ಗೋಡೆಗೆ ಹೊಸದೊಂದು ಕಪಾಟು ಹೊಡೆದಿದ್ದಾನೆ.