ಕಟ್ಟೆಯ ಮೇಲಿಟ್ಟ ಬಾಟಲಿ

ಎರಡು ವರ್ಷದ ಹಿಂದಿನ ಬೇಸಿಗೆ. ಸಿಂದಗಿಯ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸುತ್ತಿದ್ದೆವು. ಗೌಂಡಿ ಶರಣಪ್ಪ ಕಾಕಾ ದಿನವೂ ತಮ್ಮ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ಅಪ್ಪನಷ್ಟಿದ್ದ ಅವರು ನನ್ನನ್ನು 'ಯವ್ವಾ' ಎಂದೇ ಕರೆಯುತ್ತಿದ್ದರು.

ಒಂದು ದಿನ ಓಣಿಗೆ ಫಿನಾಯಿಲು, ಬ್ಲೀಚ್ ಮಾರುವವನು ಬಂದ. ದೊಡ್ಡ ಕ್ಯಾನಿನಿಂದ ಅಳೆದು ಕೊಡುತ್ತಿದ್ದ. ನನ್ನ ಕೈಗೆ ಸಿಕ್ಕಿದ್ದು ತಂಪು ಪಾನೀಯದ ಖಾಲಿ ಬಾಟಲಿ. ಅದರಲ್ಲೇ ಬ್ಲೀಚ್ ತುಂಬಿಸಿಕೊಂಡೆ. ಬಚ್ಚಲಲ್ಲಿ ಕೆಲಸ ನಡೆದಿತ್ತಲ್ಲ, ಆಮೇಲೆ ಎತ್ತಿಟ್ಟರಾಯಿತು ಎಂದು ಅಡುಗೆಮನೆಯ ಕಟ್ಟೆಯ ಮೇಲೆ ನೀರಿನ ಬಾಟಲಿಗಳ ಪಕ್ಕ ಇಟ್ಟು, ರೊಟ್ಟಿ ಬಡಿಯಲು ಕುಳಿತೆ.

"ಯವ್ವಾ, ಕುಡ್ಯಾಕ ನೀರು ಬೇಕಾಗಿತ್ತು."

"ಕಟ್ಟಿ ಮ್ಯಾಲ ಬಾಟ್ಲಿ ಅದಾವ್ರಿ ಕಾಕಾ, ತಗೋರಿ," ಎಂದೆ, ತಿರುಗಿ ನೋಡದೆಯೇ.

ಅವರು ತುಟಿಗೆ ತಾಗಿಸದೆ, ಎತ್ತಿ ಹಿಡಿದು ಸುರಿದುಕೊಂಡು ಕುಡಿಯುವವರು. ಮೂಗಿನ ತುಂಬ ಸಿಮೆಂಟಿನ ಧೂಳು ಬೇರೆ. ವಾಸನೆ ಗೊತ್ತಾಗುವಷ್ಟರಲ್ಲಿ ಎರಡು ಗುಟುಕು ಒಳಗೆ ಹೋಗಿತ್ತು. ಬಾಟಲಿ ಬಿದ್ದ ಸದ್ದಿಗೆ ತಿರುಗಿದೆ. ಕಾಕಾ ಗಂಟಲು ಹಿಡಿದುಕೊಂಡು ನೆಲಕ್ಕೆ ಕುಳಿತಿದ್ದರು.

ನನಗೆ ಹೊಳೆದದ್ದು ಒಂದೇ: ವಾಂತಿ ಮಾಡಿಸಬೇಕು. ಉಪ್ಪುನೀರು ಕಲಸುತ್ತಲೇ ಕೂಗಿಕೊಂಡೆ. ಪಕ್ಕದ ಮನೆಯ ಸಿಂಧೂ ವೈನಿ ಓಡಿ ಬಂದರು. ಅವರು ನಿವೃತ್ತ ನರ್ಸ್. ಬ್ಲೀಚಿನ ವಾಸನೆ ಬಡಿದದ್ದೇ ನನ್ನ ಕೈಯಿಂದ ಲೋಟ ಕಿತ್ತುಕೊಂಡರು.

"ರೇಷ್ಮಾ, ವಾಂತಿ ಮಾಡಿಸಬ್ಯಾಡ! ಇಳಿಯುವಾಗ ಸುಟ್ಟದ್ದು ಹೊಳ್ಳಿ ಬರುವಾಗ ಮತ್ತ ಸುಡ್ತದ. ಕಾಕಾ, ಬಾಯಿ ಮುಕ್ಕಳಿಸಿ ಉಗುಳ್ರಿ. ನೀ ಆ ಬಾಟ್ಲಿ ತಗೊಂಡು ಆಟೋ ಕರಿ."

ಆಸ್ಪತ್ರೆಯಲ್ಲಿ ಡಾಕ್ಟರ್ ಬಾಟಲಿ ತಿರುಗಿಸಿ ನೋಡಿದರು. "ಇದರಾಗ ಏನೈತಿ? ಎಷ್ಟು ಸ್ಟ್ರಾಂಗ್ ಐತಿ? ಮ್ಯಾಲ ಬರೇ ಸೋಡಾದ ಹೆಸರೈತಲ್ರಿ!" ಎಂದರು. ಬ್ಲೀಚ್ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು.

ಬಾಯಿ, ಗಂಟಲು ಹುಣ್ಣಾಗಿದ್ದವು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರ್ ಸಂಜೆ ಹೇಳಿದರು. ಅಷ್ಟರಲ್ಲಿ ಅವರ ಹೆಂಡತಿ ಹಳ್ಳಿಯಿಂದ ಬಂದರು. "ಬಾಟ್ಲಿ ಅಲ್ಲಿ ಇಟ್ಟಾಕಿ ನಾನೇ ರಿ," ಎಂದೆ. ಕಾಕಾ ಕಷ್ಟಪಟ್ಟು, "ನೋಡ್ಲಾರ್ದ ಕುಡದಾಂವ ನಾ," ಎಂದರು.

ಆಕೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು: "ಕುಡಿಯೋ ಬಾಟ್ಲಿನ ಯಾರರ ನೋಡಿ ಕುಡೀತಾರೇನವ್ವಾ?"

ಆಸ್ಪತ್ರೆಯ ಖರ್ಚು ನಾವೇ ನೋಡಿಕೊಂಡೆವು. ಅದು ದೊಡ್ಡ ಮಾತಲ್ಲ. ಈಗ ನಾನು ಬ್ಲೀಚ್ ಅನ್ನು ಚೀಟಿ ಇರುವ ಅದರದೇ ಡಬ್ಬಿಯಲ್ಲಿ ತರುತ್ತೇನೆ, ಬಚ್ಚಲಿನ ಮೇಲಿನ ಕಪಾಟಿನಲ್ಲಿಟ್ಟು ಚಿಲಕ ಹಾಕುತ್ತೇನೆ. ಬೇರೆ ಬಾಟಲಿಗೆ ಒಂದು ಹನಿಯನ್ನೂ ಸುರಿಯುವುದಿಲ್ಲ. ಯಾರ ಮನೆಗೆ ಹೋದರೂ ಕಣ್ಣು ಮೊದಲು ಅವರ ಅಡುಗೆಮನೆಯ ಕಟ್ಟೆಗೇ ಹೋಗುತ್ತದೆ.

ಇಪ್ಪತ್ತು ದಿನದ ಮೇಲೆ ಕಾಕಾ ಉಳಿದ ಕೆಲಸ ಮುಗಿಸಲು ಬಂದರು. ಅದೇ ನಗು, ಅದೇ 'ಯವ್ವಾ'. ಆದರೆ ಚೀಲದಲ್ಲಿ ನೀರು ತುಂಬಿ ಬಟ್ಟೆಯಿಂದ ಬಾಯಿ ಕಟ್ಟಿದ ಸ್ಟೀಲಿನ ಚಂಬಿತ್ತು. ನಾನು ನೋಡಿದ್ದು ಕಂಡು ಅವರೇ ಸಂಕೋಚಪಟ್ಟರು. "ಮನ್ಯಾಗ ಆಕಿ ಕೇಳಂಗಿಲ್ಲವ್ವಾ, ನೀರು ಕಟ್ಟಿ ಕಳಿಸ್ಯಾಳ," ಎಂದರು.

"ಆಕಿ ಮಾಡಿದ್ದು ಬರೋಬ್ಬರಿ ಐತ್ರಿ," ಎಂದೆ. ನಾಲ್ಕು ದಿನ ಅವರು ನಮ್ಮ ಮನೆಯಲ್ಲಿ ತಮ್ಮ ನೀರನ್ನೇ ಕುಡಿದರು. ನಮ್ಮ ಮನೆಯ ನೀರು ಕುಡಿಯಿರಿ ಎಂದು ಹೇಳುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.